ಆಟಗಾರರ ‘ಎಫಿಶಿಯನ್ಸಿ’ಗೆ ದಕ್ಷತೆ ಸರಿಯೇ, ಇಳುವರಿ ಸರಿಯೇ?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ಬಾಸ್ಕೆಟ್‌ಬಾಲ್‌ನಲ್ಲಿ ಒಬ್ಬೊಬ್ಬ ಆಟಗಾರರ ‘ಎಫಿಶಿಯನ್ಸಿ’, ಅಂದರೆ ಸಿಕ್ಕ ಅವಕಾಶಕ್ಕೆ ಎಷ್ಟು ಅಂಕ ತಂದರು, ಅಂತ ಲೆಕ್ಕ ಹಾಕುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ನಿಘಂಟು ತೆಗೆದರೆ ದಕ್ಷತೆ, ಸಾಮರ್ಥ್ಯ, ಕಾರ್ಯಕ್ಷಮತೆ ಸಿಗುತ್ತವೆ. ಮೂರೂ ನನಗೆ ಒಗ್ಗುತ್ತಿಲ್ಲ. ಇಳುವರಿ ಅನ್ನುವುದೇ ಸರಿ ಅಂತ ನನಗೆ ಅನ್ನಿಸಿದೆ. ಯಾಕೆ ಅಂತ ಹೇಳುತ್ತೇನೆ, ಓದಿ ನಿಮ್ಮ ಅಭಿಪ್ರಾಯ ಬರೆಯಿರಿ.

ನನ್ನ ನಾದಿನಿಯ ಮಗಳು ಇಲ್ಲಿನ ಒಂದು ಕಾಲೇಜು ತಂಡದಲ್ಲಿ ಆಡುತ್ತಾಳೆ. ಪಂದ್ಯದ ದಿನ ಮೇಜಿನ ಪಕ್ಕ ಕೂತು ಅಂಕಿ ಅಂಶ ಬರೆದುಕೊಳ್ಳುವವಳು ನಾನು. ಆಮೇಲೆ ಅದನ್ನೆಲ್ಲ ಚಿಕ್ಕೋಡಿ ಕಡೆ ಇರುವ ನಮ್ಮ ಮಾವನವರಿಗೆ ವಾಟ್ಸಾಪಿನಲ್ಲಿ ಕನ್ನಡದಲ್ಲೇ ಬರೆದು ಕಳಿಸುತ್ತೇನೆ, ಮೊಮ್ಮಗಳ ಆಟ ಅಂದರೆ ಅವರಿಗೆ ಅಷ್ಟು ಆಸೆ. ಪದದ ತೊಡಕು ಶುರುವಾಗಿದ್ದು ಅಲ್ಲಿಂದ.

ಒಂದು ಉದಾಹರಣೆ ತಗೊಳ್ಳಿ. ಒಬ್ಬಳು 22 ಸಲ ಎಸೆದು 8 ಬುಟ್ಟಿ ಹಾಕಿದಳು, ಅದರಲ್ಲಿ ಒಂದು ದೂರದಿಂದ ಎಸೆದ ಮೂರಂಕದ್ದು, ಉಳಿದವು ಎರಡಂಕದವು, ಜೊತೆಗೆ ಫ್ರೀ ಥ್ರೋದಲ್ಲಿ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒಂದಂಕದ ಎಸೆತಗಳಲ್ಲಿ, 3. ಒಟ್ಟು 20 ಅಂಕ. ಇನ್ನೊಬ್ಬಳು 9 ಸಲ ಎಸೆದು 5 ಹಾಕಿದಳು, ಎರಡು ಮೂರಂಕದ್ದು, ಫ್ರೀ ಥ್ರೋ 2. ಒಟ್ಟು 14. ಚಪ್ಪಾಳೆಯೆಲ್ಲ 20 ಅಂಕದವಳಿಗೇ ಬೀಳುತ್ತದೆ. ಆದರೆ ಹಾಕಿದ ಬುಟ್ಟಿಗಳಿಗೆ ಮೂರಂಕದ ಪ್ರತಿ ಬುಟ್ಟಿಗೆ ಅರ್ಧ ಸೇರಿಸಿ, ಎಸೆದ ಸಂಖ್ಯೆಯಿಂದ ಭಾಗಿಸಿ ನೋಡಿ. ಮೊದಲನೆಯವಳಿಗೆ ಶೇ. 38.6, ಎರಡನೆಯವಳಿಗೆ ಶೇ. 66.7. ಇದನ್ನು ಬಿಡಿಸಿ ಬರೆದು ಕಳಿಸಿದೆ, ಕೊನೆಗೆ ‘ಮೊದಲನೆಯವಳ ದಕ್ಷತೆ ಕಡಿಮೆ’ ಅಂತಲೂ ಸೇರಿಸಿದೆ. ಮಾವ ಕೂಡಲೇ ಫೋನ್ ಮಾಡಿದರು. “ದಕ್ಷತೆ ಗಿಕ್ಷತೆ ಯಾಕ ಬೇಕವ್ವಾ? ಆಕೀ ಭಾಳ ನುರಿಸ್ಯಾಳ, ಇಳುವರಿ ಕಡಿಮಿ ಬಂದೈತಿ, ಅಷ್ಟ ಅನ್ನು.”

ಕಬ್ಬು ಬೆಳೆಯುವ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರ್ಖಾನೆ ಎಷ್ಟು ಟನ್ ಕಬ್ಬು ನುರಿಸಿತು, ಅಂದರೆ ಅರೆಯಿತು, ಅನ್ನುವುದು ಒಂದು ಲೆಕ್ಕ, ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಬಂತು ಅನ್ನುವುದು ಇನ್ನೊಂದು. ಎರಡನೆಯದು ಇಳುವರಿ. ಕೇಂದ್ರ ಸರ್ಕಾರ ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ದರ ಹೇಳುವಾಗ ಶೇ. 10.25 ಇಳುವರಿ ಇದ್ದರೆ ಇಷ್ಟು ಅಂತಲೇ ಹೇಳುತ್ತದೆ. ಮರಾಠಿಯಲ್ಲಿ ಇದಕ್ಕೆ ‘ಉತಾರಾ’ ಅನ್ನುತ್ತಾರೆ, ಅಲ್ಲೂ ಇಳಿಯುವ ಮಾತೇ. ಇಲ್ಲಿನ ಮರಾಠಿ ಗೆಳತಿಯರಿಗೂ ಒಂದೇ ಮಾತಿನಲ್ಲಿ ಅರ್ಥವಾಯಿತು.

ಈಗ ಆಟದ ಕಡೆ ಬನ್ನಿ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಈ ಲೆಕ್ಕ ತುಂಬ ಬೆಳೆದಿದೆ. 1961ರಿಂದ 1997ರವರೆಗೆ ನಾರ್ತ್ ಕ್ಯಾರೊಲಿನಾ ತಂಡಕ್ಕೆ ಕೋಚ್ ಆಗಿದ್ದ ಡೀನ್ ಸ್ಮಿತ್, ಪಂದ್ಯಕ್ಕೆ ಎಷ್ಟು ಅಂಕ ಅಂತ ನೋಡುವ ಬದಲು ಚೆಂಡು ಒಂದು ಸಲ ಕೈಗೆ ಬಂದರೆ ಎಷ್ಟು ಅಂಕ ಅಂತ ಆ ಕಾಲದಲ್ಲೇ ನೋಡುತ್ತಿದ್ದರು. ಅದಕ್ಕೆ ಕಾರಣವೂ ಇದೆ. ಅಲ್ಲಿ ಪುರುಷರ ಕಾಲೇಜು ಪಂದ್ಯಗಳಿಗೆಲ್ಲ 45 ಸೆಕೆಂಡಿನೊಳಗೆ ಎಸೆಯಬೇಕು ಅನ್ನುವ ನಿಯಮ ಬಂದದ್ದೇ 1985-86ರಲ್ಲಿ. ಅದಕ್ಕೂ ಮುಂಚೆ ತಂಡವೊಂದು ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಸುಮ್ನೆ ಹೊತ್ತು ಕಳೆಯಬಹುದಿತ್ತು. ಸ್ಮಿತ್ ಅವರ ತಂಡ ಅದಕ್ಕೇ ಹೆಸರುವಾಸಿ. ಹಾಗೆ ನಿಧಾನವಾಗಿ ಆಡುವವರ ಒಟ್ಟು ಅಂಕ ಕಡಿಮೆಯೇ ಇರುತ್ತದೆ, ಇಳುವರಿ ಮಾತ್ರ ಚೆನ್ನಾಗಿರಬಹುದು. ಮುಂದೆ ಆ ಗಡಿ 35 ಸೆಕೆಂಡಿಗೆ, 2015-16ರಿಂದ 30ಕ್ಕೆ ಇಳಿಯಿತು. ನಮ್ಮಲ್ಲಿ ಅಂತಾರಾಷ್ಟ್ರೀಯ ನಿಯಮದಂತೆ 24.

ಆಮೇಲೆ ಡೀನ್ ಆಲಿವರ್ ಅನ್ನುವ ಅಂಕಿಅಂಶ ತಜ್ಞರು ಇದನ್ನು ಒಬ್ಬೊಬ್ಬ ಆಟಗಾರರ ಮಟ್ಟಕ್ಕೆ ತಂದರು, ನೂರು ಸಲ ಚೆಂಡು ಬಂದರೆ ಎಷ್ಟು ಅಂಕ ಹುಟ್ಟಿಸುತ್ತಾರೆ ಅಂತ. ಕಾಲೇಜು ತಂಡಗಳ ಈ ಲೆಕ್ಕವನ್ನು ಅಂತರ್ಜಾಲದಲ್ಲಿ ಎಲ್ಲರ ಬಾಯಲ್ಲೂ ಬರುವಂತೆ ಮಾಡಿದವರು ಕೆನ್ ಪಾಮರಾಯ್, ಮೂಲತಃ ಹವಾಮಾನ ತಜ್ಞರು. ನೂರಕ್ಕೆ ಇಷ್ಟು ಅನ್ನುವ ಈ ಅಳತೆ ನಮ್ಮ ಇಳುವರಿಯೇ ಅಲ್ವಾ?

ದಕ್ಷತೆಗೆ ನನ್ನ ತಕರಾರು ಇಷ್ಟೇ. ವಿಜ್ಞಾನದ ಪಠ್ಯದಲ್ಲಿ ಎಂಜಿನ್ನಿನ ದಕ್ಷತೆ ಸರಿ, ಯಂತ್ರಕ್ಕೆ ಬೇಜಾರಾಗುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ದಕ್ಷ ಅನ್ನುವುದು ಗುಣದ ಮಾತು. ದಕ್ಷ ಅಧಿಕಾರಿ ಅಂದರೆ ಕೆಲಸ ಬಲ್ಲವರು ಅಂತ ಮಾತ್ರ ಕೇಳಿಸುವುದಿಲ್ಲ, ಪ್ರಾಮಾಣಿಕರು ಅಂತಲೂ ಕೇಳಿಸುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿಗೆ ‘ನಿನ್ನ ದಕ್ಷತೆ ಕಡಿಮೆ’ ಅಂದರೆ ಅದು ಅವಳ ಮೇಲಿನ ತೀರ್ಪು. ‘ಇವತ್ತು ಇಳುವರಿ ಕಡಿಮೆ’ ಅಂದರೆ ಆ ದಿನದ ಎಸೆತಗಳ ಮಾತು, ನಾಳೆ ಏರಬಹುದು. ಅಂಕಿ ಹೇಳುವುದೂ ಅಷ್ಟನ್ನೇ. ಎದುರಾಳಿಗೆ ಚೆಂಡೇ ಸಿಗದ ಹಾಗೆ ಅಡ್ಡ ನಿಂತವಳ ಶ್ರಮ ಆ ಹಾಳೆಯಲ್ಲಿ ಎಲ್ಲೂ ಬರುವುದಿಲ್ಲ. ಕಸಿದುಕೊಂಡದ್ದು, ತಡೆದದ್ದು, ರೀಬೌಂಡ್ (ಎಸೆತ ತಪ್ಪಿ ಪುಟಿದ ಚೆಂಡು) ಹಿಡಿದದ್ದು, ಇಷ್ಟೇ ಬರೆಯುವುದು. ಹೀಗಿರುವಾಗ ಅದಕ್ಕೆ ಅವಳ ದಕ್ಷತೆ ಅಂತ ಹೆಸರಿಡುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಇಳುವರಿಯೂ ಎಲ್ಲ ಕಡೆ ಹೊಂದುವುದಿಲ್ಲ, ನಿಜ. ಬಾಸ್ಕೆಟ್‌ಬಾಲ್ ಬರಹಗಾರ ಜಾನ್ ಹಾಲಿಂಜರ್ ಅವರ ‘ಪಿಇಆರ್’ (ಪ್ಲೇಯರ್ ಎಫಿಶಿಯನ್ಸಿ ರೇಟಿಂಗ್) ಅಂತ ಒಂದಿದೆ, ಅಂಕ, ಅಸಿಸ್ಟ್ (ಬುಟ್ಟಿ ಹಾಕಲು ದಾರಿ ಮಾಡಿಕೊಟ್ಟ ಪಾಸು), ರೀಬೌಂಡ್ ಎಲ್ಲ ಕೂಡಿಸಿ, ತಪ್ಪುಗಳನ್ನು ಕಳೆದು, ಸರಾಸರಿ ಆಟಗಾರನಿಗೆ 15 ಬರುವಂತೆ ಹೊಂದಿಸಿದ್ದು. ಅದು ಒಟ್ಟು ಆಟಕ್ಕೆ ಕೊಟ್ಟ ಅಂಕಿ, ಅಲ್ಲಿ ಇಳುವರಿ ಕೂರುವುದಿಲ್ಲ, ಬೇಕಾದರೆ ದಕ್ಷತಾಂಕ ಅನ್ನಿ.

‘ಯೂಸೇಜ್’, ಅಂದರೆ ಅಂಗಳದಲ್ಲಿದ್ದಾಗ ತಂಡಕ್ಕೆ ಸಿಕ್ಕ ಅವಕಾಶಗಳಲ್ಲಿ ಎಷ್ಟನ್ನು ಒಬ್ಬಳೇ ಬಳಸಿಕೊಂಡಳು ಅನ್ನುವುದಕ್ಕೆ ನಾನು ಪಾಲು ಅಂತ ಬರೆಯುತ್ತಿದ್ದೇನೆ. ಅಂಗಳದಲ್ಲಿ ಐವರು ಇರುವುದರಿಂದ ಸರಾಸರಿ ಪಾಲು ಶೇ. 20. ಬುಟ್ಟಿಯ ಕೆಳಗೇ ನಿಂತು ಬಂದ ಎರಡು ಚೆಂಡನ್ನೂ ಒಳಗೆ ಹಾಕುವವಳ ಇಳುವರಿ ಆಕಾಶ ಮುಟ್ಟುತ್ತದೆ, ಪಾಲು ಚಿಕ್ಕದು. ಎರಡನ್ನೂ ಜೊತೆಗಿಟ್ಟು ನೋಡಬೇಕು.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ‘ಪೊಸೆಷನ್’ನಲ್ಲಿ. ಪತ್ರಿಕೆಗಳು ಫುಟ್‌ಬಾಲ್‌ಗೆ ‘ಚೆಂಡಿನ ಮೇಲಿನ ಹಿಡಿತ’ ಅನ್ನುತ್ತವೆ. ಅದು ಎಷ್ಟು ಹೊತ್ತು ಅನ್ನುವುದರ ಲೆಕ್ಕ. ಇಲ್ಲಿ ಬೇಕಾದದ್ದು ಎಷ್ಟು ಸಲ ಅಂತ. ಚೆಂಡು ಬಂದಾಗಿನಿಂದ ಎದುರಾಳಿಗೆ ಹೋಗುವವರೆಗೆ ಒಂದು. ನಾವು ಎಸೆದದ್ದು ತಪ್ಪಿ, ರೀಬೌಂಡ್ ಮತ್ತೆ ನಮಗೇ ಸಿಕ್ಕರೆ ಅದೇ ಮುಂದುವರಿಯುತ್ತದೆ, ಹೊಸದು ಶುರುವಾಗುವುದಿಲ್ಲ. ಪಾಳಿ ಚೆಂದದ ಮಾತು, ಆದರೆ ಮರಾಠಿಯಲ್ಲಿ ‘ಪಾಳೀ’ ಅಂದರೆ ಮುಟ್ಟು ಅಂತಲೂ ಆಗುತ್ತದೆ, ಪುಣೆಯಲ್ಲಿ ಹುಡುಗಿಯರ ತಂಡದ ಮುಂದೆ ಹೇಳಲು ಬಾಯಿ ಬರುವುದಿಲ್ಲ. ಸದ್ಯಕ್ಕೆ ಸರದಿ ಅಂತ ಬರೆಯುತ್ತಿದ್ದೇನೆ. ‘ಟರ್ನೋವರ್’ಗೆ ಫೋನಿನ ಅನುವಾದ ‘ವಹಿವಾಟು’ ಅಂತ ತೋರಿಸುತ್ತದೆ, ಅದು ಅಂಗಡಿಯ ಲೆಕ್ಕ. ನಾನು ‘ಚೆಂಡು ಬಿಟ್ಟುಕೊಟ್ಟದ್ದು’ ಅಂತ ಉದ್ದಕ್ಕೇ ಬರೆಯುತ್ತೇನೆ.

ಮೈಸೂರು, ಕರಾವಳಿ ಕಡೆಯವರು ದಯವಿಟ್ಟು ಹೇಳಿ, ಇಳುವರಿ ಅಂದ ಕೂಡಲೇ ಗದ್ದೆ, ಹಾಲು ಬಿಟ್ಟು ಬೇರೇನೂ ಕಣ್ಣಿಗೆ ಬರುವುದಿಲ್ಲವಾ? ‘ಸರದಿಗೆ 1.1 ಅಂಕದ ಇಳುವರಿ’ ಅಂತ ಓದಿದರೆ ಅರ್ಥ ಆಗುತ್ತದಾ? ನಿಮ್ಮ ಊರಿನ ಮೈದಾನದಲ್ಲಿ ಇದಕ್ಕೆ ಬೇರೆ ಮಾತು ಓಡಾಡುತ್ತಿದ್ದರೆ ಅದನ್ನೂ ಬರೆಯಿರಿ. ಕಾಲೇಜು ಪಂದ್ಯಗಳು ಮತ್ತೆ ಶುರುವಾಗುವ ಮುಂಚೆ ಸಿಕ್ಕರೆ ಹೊಸ ಹಾಳೆಯ ತಲೆಬರಹಗಳನ್ನು ಹಾಗೇ ಬರೆದುಬಿಡುತ್ತೇನೆ.