ಬಾನೆಟ್ ಮೇಲೆ ಕೇಕ್: ನಮ್ಮ ಬಡಾವಣೆ ನಿವಾಸಿಗಳ ಗುಂಪು

ಮೂಲೆಮನೆ, 3ನೇ ಕ್ರಾಸ್ (ರಾತ್ರಿ 1:52)
ಯಾರಾದ್ರೂ ಎದ್ದಿದೀರಾ? ಸಂಘದ ಕಟ್ಟಡದ ಮುಂದೆ ಇನ್ನೂ ಸ್ಪೀಕರ್ ಹಾಕ್ಕೊಂಡು ಕುಣೀತಿದಾರೆ.

ಮೂಲೆಮನೆ, 3ನೇ ಕ್ರಾಸ್ (ರಾತ್ರಿ 2:05)
ಯಾರೂ ಇಲ್ಲ. ಸರಿ.

ಮೂಲೆಮನೆ, 3ನೇ ಕ್ರಾಸ್ (ಬೆಳಗ್ಗೆ 6:10)
ನಮ್ಮ ಕಾರಿನ ಬಾನೆಟ್ ಮೇಲೆ ಕೇಕ್ ಕಟ್ ಮಾಡಿದಾರೆ. ವೈಪರ್‌ಗೆಲ್ಲ ಕ್ರೀಮ್ ಮೆತ್ತಿದೆ, ಇರುವೆ ಮುತ್ಕೊಂಡಿದೆ. ಆ ಸ್ಪ್ರೇ ನೊರೆ ಗೇಟ್ ತನಕ. ಅತ್ತೆಗೆ ಮೊನ್ನೆ ಮೊನ್ನೆ ಕಣ್ಣಿನ ಆಪರೇಷನ್ ಆಗಿದೆ, ಪಟಾಕಿ ಸದ್ದಿಗೆ ಬೆಚ್ಚಿ ಎದ್ದು ಕೂತ್ರು. ಮಗಳಿಗೆ ಇವತ್ತು ಪ್ರಿಪರೇಟರಿ, ಗಣಿತ. ವರ್ಷಾ ವರ್ಷ ಮನೆ ಬಾಗ್ಲಿಗೆ ಬಂದು ‘ಯುವಜನರ ಏಳಿಗೆ’ ಅಂತ ರಸೀದಿ ಹರೀತೀರಲ್ಲ, ಇದೇನಾ ಏಳಿಗೆ? ಈ ಸಲದಿಂದ ನಮ್ಮ ಮನೆಯಿಂದ ಒಂದು ರೂಪಾಯಿ ಬರಲ್ಲ. ಕಾರ್ಯದರ್ಶಿಗಳು ಉತ್ತರ ಕೊಡಬೇಕು.

ಪಾರ್ಕ್ ಎದುರಿನ ಅಂಕಲ್ (6:31)
🌹🌹 ಶುಭೋದಯ 🌹🌹 ತಾಳ್ಮೆಯಿಂದ ಇರುವವನ ಅಂಗಳದಲ್ಲಿ ತಾನಾಗಿಯೇ ಹೂ ಅರಳುವುದು. ಎಲ್ಲರಿಗೂ ಈ ದಿನ ಮಂಗಳಮಯವಾಗಿರಲಿ.

ಮೂಲೆಮನೆ, 3ನೇ ಕ್ರಾಸ್ (6:32)
ಅಂಕಲ್, ಇವತ್ತು ಬೇಡ.

ಇಂಜಿನಿಯರ್ ಸರ್, 1ನೇ ಮೇನ್ (6:40)
ನಾನು ಮೊದಲೇ ಹೇಳಿದ್ದೆ.

ಇಂಜಿನಿಯರ್ ಸರ್, 1ನೇ ಮೇನ್ (6:41)
ಹೋದ ವರ್ಷದ ಸಭೇಲೂ ಹೇಳಿದ್ದೆ. ಮಿನಿಟ್ಸ್ ತೆಗೆದು ನೋಡಿ.

ಇಂಜಿನಿಯರ್ ಸರ್, 1ನೇ ಮೇನ್ (6:48)
ಶಬ್ದ ಮಾಲಿನ್ಯ ನಿಯಮಗಳು, 2000. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ಹಬ್ಬಕ್ಕೆ ಸರ್ಕಾರ 12ರ ತನಕ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರಂಗಿಲ್ಲ. ಬರ್ತ್‌ಡೇ ಹಬ್ಬ ಅಲ್ಲ.

ಪ್ರಾವಿಷನ್ ಸ್ಟೋರ್ (6:52)
ಯಾರ ಬರ್ತ್‌ಡೇ ಅನ್ನೋದರ ಮೇಲೆ ಹೋಗತ್ತೆ ಸರ್ 😀

ನರ್ಸ್ ಅಕ್ಕ, 2ನೇ ಕ್ರಾಸ್ (6:58)
ಮೇಡಂ, ನಾನು ನೈಟ್ ಡ್ಯೂಟಿಲಿದ್ದೆ, ಈಗ ನೋಡ್ದೆ. ಅಮ್ಮ ಹೇಗಿದಾರೆ? ಇನ್ನೊಂದ್ಸಲ ಹಿಂಗಾದ್ರೆ ಗುಂಪಿಗೆ ಹಾಕಬೇಡಿ, ಸೀದಾ 112ಕ್ಕೆ ಫೋನ್ ಮಾಡಿ.

ಮೂಲೆಮನೆ, 3ನೇ ಕ್ರಾಸ್ (7:01)
ಮಾಡಿದ್ವಿ. ಅವರು ಬರೋ ಹೊತ್ತಿಗೆ ಇವರು ಓಡಿದ್ರು. ಅವರು ಹೋದ್ಮೇಲೆ ಇವರು ಮತ್ತೆ ಬಂದ್ರು.

ಡಾಕ್ಟರ್ ಮನೆ ಮೇಲಿನವರು (7:10)
ಎಲ್ಲಾ ಕಾಲುವೆ ಆಚೆ ಕಡೆ ಹುಡುಗರು. ಸಂಜೆ ಪಾಠ, ನೋಟ್‌ಬುಕ್ ಅಂತ ಕರೆದು ಅಭ್ಯಾಸ ಮಾಡಿಸಿದ್ದು ನಾವೇ. ಈಗ ಅನುಭವಿಸಿ.

ಪ್ರಾವಿಷನ್ ಸ್ಟೋರ್ (7:14)
ಸ್ವಾಮಿ, ರಾತ್ರಿ ಷಟರ್ ಎಳೆಯೋವಾಗ ನಾನು ನೋಡಿದೀನಿ. ಕೇಕ್ ತಂದಿದ್ದು ಕಾಲುವೆ ಈಚೆಯವನೇ. ದೊಡ್ಡ ಬೈಕು. ಅವರಪ್ಪ ಈ ಗುಂಪಲ್ಲೇ ಇದಾರೆ.

ಡಾಕ್ಟರ್ ಮನೆ ಮೇಲಿನವರು (7:15)
ಹೆಸರು ಹೇಳ್ರೀ ಹಾಗಾದ್ರೆ.

ಪ್ರಾವಿಷನ್ ಸ್ಟೋರ್ (7:17)
ಈ ಸಂದೇಶವನ್ನು ಅಳಿಸಲಾಗಿದೆ

ಗ್ರೀನ್ ಗೇಟ್, 4ನೇ ಕ್ರಾಸ್ (7:19)
ನಾನು ಓದಿಬಿಟ್ಟೆ 🙈

ಕಾರ್ಯದರ್ಶಿ (7:45)
ಎಲ್ಲರಿಗೂ ನಮಸ್ಕಾರ. ಊರಿಗೆ ಬಂದಿದೀನಿ, ಇಲ್ಲಿ ನೆಟ್‌ವರ್ಕ್ ಇಲ್ಲ. ನಡೆದಿದ್ದು ಖಂಡನೀಯ. ಆದ್ರೆ ಒಂದು ಮಾತು: ಸಂಘ ಬರ್ತ್‌ಡೇ ಮಾಡಿಸಿಲ್ಲ. ಸಂಘ ವರ್ಷಪೂರ್ತಿ ಏನು ಮಾಡತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್ಕು, ಬ್ಯಾಗು. ವರ್ಷಕ್ಕೊಂದು ಕಣ್ಣಿನ ಶಿಬಿರ, ರಕ್ತದಾನ. ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ. ಮನೆಗೆಲಸದವರ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪಾಠ. ಅದೂ 2024ರಲ್ಲಿ ಪರೀಕ್ಷೆ-2 ಅಂತೆಲ್ಲ ಬಂದ ಮೇಲೆ ಮಾರ್ಚ್‌ಗೆ ಮುಗಿಯಲ್ಲ. ಫೇಲಾದ ಮಕ್ಕಳನ್ನ ಮತ್ತೆ ಕೂರಿಸಿ ಓದಿಸ್ತಿದೀವಿ. ಇದ್ಯಾವುದೂ ಗುಂಪಿಗೆ ಬರಲ್ಲ, ಕೇಕ್ ಮಾತ್ರ ಬರತ್ತೆ.

ಇಂಜಿನಿಯರ್ ಸರ್, 1ನೇ ಮೇನ್ (7:50)
ಗುಂಪಿಗೆ ಬರಲ್ಲ ಅಲ್ಲ. ವಾರ್ಷಿಕ ವರದಿಯೇ ಬಂದಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಏನು ಹೇಳತ್ತೆ? ಪ್ರತಿ ವರ್ಷ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ, ಎಲ್ಲಾ ರಿಜಿಸ್ಟ್ರಾರ್‌ಗೆ ಹೋಗಬೇಕು. ಹೋಗಿದೆಯಾ?

ಇಂಜಿನಿಯರ್ ಸರ್, 1ನೇ ಮೇನ್ (7:51)
ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಹಾಕಿದ್ರೆ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು. ಸೆಕ್ಷನ್ 25. ನಾನು ಬೆದರಿಸ್ತಿಲ್ಲ, ಮಾಹಿತಿ ಕೊಡ್ತಿದೀನಿ.

ಗ್ರೀನ್ ಗೇಟ್, 4ನೇ ಕ್ರಾಸ್ (7:54)
ಮೂರನೇ ಒಂದು ಭಾಗನಾ? ಗಣೇಶನ ಪ್ರಸಾದಕ್ಕೆ ಬಿಟ್ರೆ ಅಷ್ಟು ಜನ ಒಂದು ಕಡೆ ಸೇರಿದ್ದು ನಾನು ನೋಡಿಲ್ಲ ಸರ್.

ಖಜಾಂಚಿ (8:02)
ಲೆಕ್ಕ ಆಡಿಟರ್ ಹತ್ರ ಇದೆ. ನೋಡೋರು ಮನೆಗೆ ಬಂದು ನೋಡಬಹುದು, ಕಾಫಿನೂ ಕೊಡ್ತೀನಿ.

ಐಟಿ ಹುಡುಗ, ಡಾಕ್ಟರ್ ಮನೆ ಪಕ್ಕ (8:05)
ಸರ್, ಇದೇ ಸಮಯಕ್ಕೆ ಕೇಳಿಬಿಡ್ತೀನಿ. ಹೋದ ವರ್ಷ ಕೊಟ್ಟ ದೇಣಿಗೆಗೆ 80ಜಿ ಸರ್ಟಿಫಿಕೇಟ್ ಬರಲೇ ಇಲ್ಲ.

ಖಜಾಂಚಿ (8:07)
ನೀವು ಹೊಸ ತೆರಿಗೆ ಪದ್ಧತಿಲಿ ಇದ್ರೆ ಅದು ಬಂದ್ರೂ ಪ್ರಯೋಜನ ಇಲ್ಲ, ಅಲ್ಲಿ 80ಜಿ ವಿನಾಯಿತಿ ಸಿಗಲ್ಲ.

ಐಟಿ ಹುಡುಗ, ಡಾಕ್ಟರ್ ಮನೆ ಪಕ್ಕ (8:07)
ಅದು ನನ್ನ ವಿಷಯ ಸರ್. ಸರ್ಟಿಫಿಕೇಟ್ ನಿಮ್ಮ ವಿಷಯ.

ಮೂಲೆಮನೆ, 3ನೇ ಕ್ರಾಸ್ (8:10)
ನಾನು ಎತ್ತಿದ ವಿಷಯ ಏನು, ಇಲ್ಲಿ ನಡೀತಿರೋದು ಏನು?

ಮೇಷ್ಟ್ರು, ವಾಚನಾಲಯ (8:26)
ನಿನ್ನೆ ಕುಣಿದವರಲ್ಲಿ ಇಬ್ಬರು ನಮ್ಮ ವಾಚನಾಲಯದ ಹುಡುಗರು. ಬೆಳಗ್ಗೆ ನಾನೇ ಹೋಗಿ ಎಬ್ಬಿಸಿ ಕೇಳಿದೆ, ಒಪ್ಪಿಕೊಂಡ್ರು. ಮಧ್ಯಾಹ್ನ ಬಂದು ಮೇಡಂ ಅವರ ಕಾರು ತೊಳೀತಾರೆ. ಒಬ್ಬ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದ್ತಿದಾನೆ, ಇನ್ನೊಬ್ಬ ಹಗಲು ಡೆಲಿವರಿ ಮಾಡಿ ರಾತ್ರಿ ಎಫ್‌ಡಿಎ (ಸರ್ಕಾರಿ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದ್ತಾನೆ.
ಓದ್ತಿದ್ದ ಅನ್ನಬೇಕು. ಮೊದಲು ವಾಚನಾಲಯ ರಾತ್ರಿ 10ರ ತನಕ ತೆಗೆದಿರ್ತಿತ್ತು. ಭಾನುವಾರ ಹಾಲ್‌ನ ನಾಮಕರಣಕ್ಕೋ ಸೀಮಂತಕ್ಕೋ ಕೊಟ್ರೆ ಬರ್ತಿದ್ದ ದುಡ್ಡಲ್ಲಿ ನೋಡಿಕೊಳ್ಳೋ ಹುಡುಗನ ಸಂಬಳ ಆಗ್ತಿತ್ತು. ಹೋದ ವರ್ಷದ ಸಭೇಲಿ ಹಾಲ್ ಬಾಡಿಗೆ ನಿಲ್ಲಿಸಿದ್ರು. ಆ ಹುಡುಗ ಬಿಟ್ಟು ಹೋದ. ಈಗ ನಾನು 8ಕ್ಕೆ ಬೀಗ ಹಾಕ್ತೀನಿ, ನನ್ನ ಮಂಡಿ ಅದಕ್ಕಿಂತ ಹೆಚ್ಚು ಹೊತ್ತು ಒಪ್ಪಲ್ಲ. ಈ ಹುಡುಗರು ಕೆಲಸ ಮುಗಿಸಿ ಬರೋದೇ 8ಕ್ಕೆ. ಪಾರ್ಕಲ್ಲಿ ಕೂರ್ತಾರೆ. ಪಾರ್ಕಿನ ಗೇಟು 10ಕ್ಕೆ ಹಾಕ್ತಾರೆ. ಆಮೇಲೆ ನಮ್ಮ ಕಟ್ಟಡದ ಮೆಟ್ಟಿಲು.

ನರ್ಸ್ ಅಕ್ಕ, 2ನೇ ಕ್ರಾಸ್ (8:30)
ಇದು ನನಗೆ ಗೊತ್ತೇ ಇರಲಿಲ್ಲ ಮೇಷ್ಟ್ರೇ.

ಇಂಜಿನಿಯರ್ ಸರ್, 1ನೇ ಮೇನ್ (8:33)
ಬಾಡಿಗೆ ನಿಲ್ಲಿಸಿ ಅಂತ ಪತ್ರ ಬರೆದವನು ನಾನು, ಒಪ್ಪಿಕೊಳ್ತೀನಿ, ಇವತ್ತೂ ಬರೀತೀನಿ. ಅದು ಸಿಎ ಸೈಟು, ಅಂದ್ರೆ ನಾಗರಿಕ ಸೌಲಭ್ಯಕ್ಕೆ ಅಂತ ಮೀಸಲಿಟ್ಟ ಜಾಗ. ಬಿಡಿಎ 30 ವರ್ಷ ಲೀಸಿಗೆ ಕೊಟ್ಟಿರೋದು ಸಾರ್ವಜನಿಕ ಉದ್ದೇಶಕ್ಕೆ. ಕಲ್ಯಾಣಮಂಟಪ ಮಾಡಿದ್ರೆ ನಾಳೆ ಲೀಸ್ ರದ್ದಾಗತ್ತೆ. ಆಮೇಲೆ ವಾಚನಾಲಯನೂ ಇಲ್ಲ, ಮೆಟ್ಟಿಲೂ ಇಲ್ಲ.

ಖಜಾಂಚಿ (8:35)
ಹದಿನೈದು ಜನರ ಸೀಮಂತಕ್ಕೆ ಕಲ್ಯಾಣಮಂಟಪ ಅಂತಾರಾ ಸರ್? ನಿಮ್ಮ ಮೊಮ್ಮಗನ ನಾಮಕರಣ ಎಲ್ಲಿ ಆಯ್ತು?

ಇಂಜಿನಿಯರ್ ಸರ್, 1ನೇ ಮೇನ್ (8:35)
ಅದು ದೇಣಿಗೆ. ರಸೀದಿ ಇದೆ.

ಇಂಜಿನಿಯರ್ ಸರ್, 1ನೇ ಮೇನ್ (8:36)
ವೈಯಕ್ತಿಕ ಮಟ್ಟಕ್ಕೆ ಇಳೀಬೇಡಿ.

ಇಂಜಿನಿಯರ್ ಸರ್, 1ನೇ ಮೇನ್ (8:38)
ಅಡ್ಮಿನ್ ಗಮನಿಸಬೇಕು.

ಪಾರ್ಕ್ ಎದುರಿನ ಅಂಕಲ್ (8:41)
(ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಮಂಡಿ ನೋವಿಗೆ ರಾಮಬಾಣ! ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ… ಕನಿಷ್ಠ ಹತ್ತು ಜನರಿಗೆ ಕಳುಹಿಸಿ.

ಗ್ರೀನ್ ಗೇಟ್, 4ನೇ ಕ್ರಾಸ್ (8:42)
ಬೆಳಗಿಂದ ವಿಷಯಕ್ಕೆ ಸಂಬಂಧಪಟ್ಟ ಮೊದಲ ಫಾರ್ವರ್ಡ್ 👏

ನರ್ಸ್ ಅಕ್ಕ, 2ನೇ ಕ್ರಾಸ್ (8:50)
ನನಗೆ ತೋಚಿದ್ದು ಹೇಳ್ತೀನಿ. ಸಂಬಳ ಕೊಡೋಕೆ ದುಡ್ಡಿಲ್ಲ ಅಂದ್ರೆ ನಾವೇ ಸರದಿ ಮೇಲೆ 8ರಿಂದ 10ರ ತನಕ ಹೋಗಿ ಕೂತ್ಕೊಳ್ಳೋಣ. ನಮ್ಮ ಪುಸ್ತಕ, ಫೋನು ಅಲ್ಲೇ ನೋಡಿದ್ರಾಯ್ತು. ಕಾಪಿ ಮಾಡಿ ಹೆಸರು ಸೇರಿಸಿ:
ಸೋಮವಾರ: ನರ್ಸ್ ಅಕ್ಕ (ಡೇ ಡ್ಯೂಟಿ ವಾರ ಮಾತ್ರ)
ಮಂಗಳವಾರ:
ಬುಧವಾರ:
ಗುರುವಾರ:
ಶುಕ್ರವಾರ:
ಶನಿವಾರ:

ಗ್ರೀನ್ ಗೇಟ್, 4ನೇ ಕ್ರಾಸ್ (8:55)
ಬುಧವಾರ ನಾನು. ಮ್ಯಾಚ್ ಇದ್ರೆ ಗುರುವಾರ.

ಮೂಲೆಮನೆ, 3ನೇ ಕ್ರಾಸ್ (9:02)
ಮಂಗಳವಾರ ನಮ್ಮ ಯಜಮಾನ್ರು ಬರ್ತಾರೆ. ಕೋಪ ಇನ್ನೂ ಇಳಿದಿಲ್ಲ, ಆದ್ರೂ ಬರ್ತಾರೆ.

ಇಂಜಿನಿಯರ್ ಸರ್, 1ನೇ ಮೇನ್ (9:04)
ಇದನ್ನ ಗುಂಪಲ್ಲಿ ತೀರ್ಮಾನ ಮಾಡಂಗಿಲ್ಲ. ಬೀಗದ ಕೈ ಯಾರ ಜವಾಬ್ದಾರಿ? ಕರೆಂಟ್ ಬಿಲ್ಲು? ಒಳಗೆ ಏನಾದ್ರೂ ಆದ್ರೆ? ಸಭೆ ಕರೀಬೇಕು, ಲಿಖಿತ ನೋಟಿಸ್ ಕೊಡಬೇಕು, ಅಜೆಂಡಾ ಇರಬೇಕು.

ಕಾರ್ಯದರ್ಶಿ (9:20)
ಸರಿ. ಪೋಲ್ ಹಾಕಿದೀನಿ, ಭಾನುವಾರ 10:30ಕ್ಕೆ ಸಂಘದ ಹಾಲ್‌ನಲ್ಲಿ ಸಭೆ. ಎಲ್ಲರೂ ಒತ್ತಿ.

ಡಾಕ್ಟರ್ ಮನೆ ಮೇಲಿನವರು (9:25)
ಭಾನುವಾರ ಗೃಹಪ್ರವೇಶ ಇದೆ.

ಐಟಿ ಹುಡುಗ, ಡಾಕ್ಟರ್ ಮನೆ ಪಕ್ಕ (9:26)
ಆನ್‌ಲೈನ್ ಲಿಂಕ್ ಕೊಡಿ ಸರ್. 80ಜಿ ಅಜೆಂಡಾದಲ್ಲಿ ಹಾಕಿ.

ಪ್ರಾವಿಷನ್ ಸ್ಟೋರ್ (9:31)
ಎಲ್ಲಾ ಬಿಡಿ. 2ನೇ ಕ್ರಾಸ್‌ನಲ್ಲಿ ಕೇಬಲ್‌ನೋರು ರಸ್ತೆ ಅಗೆದು ನೀರಿನ ಪೈಪ್ ಒಡೆದಿದಾರೆ. ನೀರು ನನ್ನ ಅಂಗಡಿ ಬಾಗ್ಲಿಗೆ ಬಂತು. (ಫೋಟೋ) (ಫೋಟೋ) (ವಿಡಿಯೋ)

ನರ್ಸ್ ಅಕ್ಕ, 2ನೇ ಕ್ರಾಸ್ (9:33)
ಅಯ್ಯೋ, ನಮ್ಮ ಸಂಪ್ ಖಾಲಿ ಇದೆ. ಇವತ್ತು ನೀರು ಬಿಡೋ ದಿನ.

ಇಂಜಿನಿಯರ್ ಸರ್, 1ನೇ ಮೇನ್ (9:34)
ರೋಡ್ ಕಟಿಂಗ್ ಅನುಮತಿ ತೋರಿಸಿ ಅಂತ ಕೇಳಿ. ಮುಟ್ಟೋಕೆ ಬಿಡಬೇಡಿ. ನಾನು ಬಂದೆ.

ಗ್ರೀನ್ ಗೇಟ್, 4ನೇ ಕ್ರಾಸ್ (9:35)
ಮುಟ್ಟೋಕೆ ಬಿಡದೆ ಇದ್ರೆ ಪೈಪ್ ಸರಿ ಮಾಡೋರು ಯಾರು ಸರ್?

ಪ್ರಾವಿಷನ್ ಸ್ಟೋರ್ (9:58)
ಕೇಬಲ್‌ನೋರು ಪರಾರಿ. ಗುಂಡಿ ಹಂಗೇ ಬಿಟ್ಟಿದಾರೆ. ವಾಲ್ವ್‌ಮ್ಯಾನ್ ಬಂದು ನೀರು ನಿಲ್ಲಿಸಿದ. ನಾಳೆ ತನಕ ಇಲ್ಲ ಅಂದ.

ಡಾಕ್ಟರ್ ಮನೆ ಮೇಲಿನವರು (10:02)
ಟ್ಯಾಂಕರ್‌ನವನ ನಂಬರ್ ಯಾರ ಹತ್ರ ಇದೆ? ಗುಂಡಿ ಇರೋದ್ರಿಂದ ದೊಡ್ಡದು ಒಳಗೆ ಬರಲ್ಲ, ಚಿಕ್ಕದು ಬೇಕು.

ಮೂಲೆಮನೆ, 3ನೇ ಕ್ರಾಸ್ (10:04)
ನಮ್ಮ ಹತ್ರ ಇದೆ. ಒಬ್ಬೊಬ್ಬರೇ ತರಿಸಿದ್ರೆ ದುಬಾರಿ. ಅಕ್ಕ ಮಾಡಿದ ಪಟ್ಟಿನೇ ತಗೊಂಡು ಟ್ಯಾಂಕರ್‌ಗೆ ಹೆಸರು ಹಾಕಿ, ಇಬ್ಬರಿಬ್ಬರು ಹಂಚಿಕೊಳ್ಳೋಣ:
1. ಮೂಲೆಮನೆ
2. ನರ್ಸ್ ಅಕ್ಕ
3. ಡಾಕ್ಟರ್ ಮನೆ ಮೇಲೆ
4. ಗ್ರೀನ್ ಗೇಟ್

ಐಟಿ ಹುಡುಗ, ಡಾಕ್ಟರ್ ಮನೆ ಪಕ್ಕ (10:05)
5. ನಾವು

ಖಜಾಂಚಿ (10:05)
6. ಖಜಾಂಚಿ

ಪಾರ್ಕ್ ಎದುರಿನ ಅಂಕಲ್ (10:06)
7. ನಮ್ಮದೂ ಸೇರಿಸಿ 🙏

ಇಂಜಿನಿಯರ್ ಸರ್, 1ನೇ ಮೇನ್ (10:06)
8. ಅರ್ಧ ಸಾಕು.

ಮೇಷ್ಟ್ರು, ವಾಚನಾಲಯ (10:15)
ಗುರುವಾರ, ಶುಕ್ರವಾರ, ಶನಿವಾರ ಖಾಲಿ ಇದೆ.

ಕಾರ್ಯದರ್ಶಿ (10:40)
ಪೋಲ್ ಫಲಿತಾಂಶ: ಬರ್ತೀನಿ 4, ಬರಲ್ಲ 1, ನೋಡ್ತೀನಿ 19. ಟ್ಯಾಂಕರ್ ಎಷ್ಟು ಹೊತ್ತಿಗೆ ಬರತ್ತಂತೆ? ನಮ್ಮ ಮನೆಯವರು ಕೇಳ್ತಿದಾರೆ.