ಒಂದು ತಂತಿ ಕಟ್ಟಾಕ ಎರಡು ತಾಸು ಯಾಕ? ಲೈನ್‌ಮನ್ ಕೆಲಸ ಗೊತ್ತಿದ್ದವರು ಹೇಳ್ರಿ

ಕುಂದಗೋಳ ಎರಿಹೊಲ:
ಮುಂಗಾರಿ ಗಾಳಿ ಶುರುವಾತಂದ್ರ ನಮ್ಮ ಕಡೆ ದಿನಾ ಇದ ಮಾತು. ಕರೆಂಟ್ ಹೋತು, ಲೈನ್‌ಮನ್ ಫೋನ್ ಎತ್ತವಲ್ಲ, ಎತ್ತಿದ್ರ ‘ಎಲ್‌ಸಿ ಸಿಕ್ಕಿಲ್ರೀ’ ಅಂತಾನ. ಕಂಬ ಹತ್ತಿ ತಂತಿ ಕಟ್ಟಾಕ ಹತ್ತು ನಿಮಿಷ ಸಾಕಲ್ಲ, ಉಳಿದ ಹೊತ್ತು ಎಲ್ಲಿ ಹೋಗ್ತೈತಿ? ಈ ಎಲ್‌ಸಿ ಅನ್ನೂದು ಖರೇನ ಐತೇನು, ಬರೇ ನೆವಾನೋ?

ಫೀಡರ್ ಆರು:
ನೆವ ಅಲ್ರೀ. ಎಲ್‌ಸಿ ಅಂದ್ರ ಲೈನ್ ಕ್ಲಿಯರ್, ‘ಲೈನ್ ಬಂದ್ ಮಾಡೇವಿ, ಕೆಲಸ ಮಾಡ್ರಿ’ ಅಂತ ಸ್ಟೇಷನ್ ಕೊಡೋ ಪರವಾನಗಿ. ಅದಕ್ಕಿಂತ ಮೊದಲ ಫಾಲ್ಟ್ ಸಿಗಬೇಕು, ಹೊತ್ತು ಹೋಗೂದು ಅಲ್ಲೇ. 11 ಕೆವಿ (11 ಸಾವಿರ ವೋಲ್ಟ್) ಫೀಡರ್, ಅಂದ್ರ ಸ್ಟೇಷನ್ನಿಂದ ಹೊರಡೋ ದೊಡ್ಡ ಲೈನ್, ಟ್ರಿಪ್ ಆದ್ರ (ತಾನ ಬಂದ್ ಬಿದ್ರ) ಸ್ಟೇಷನ್ನಾಗ ಒಮ್ಮೆ ಚಾರ್ಜ್ ಮಾಡಿ (ಕರೆಂಟ್ ಬಿಟ್ಟು) ನೋಡ್ತಾರ. ನಿಲ್ಲಲಿಲ್ಲಂದ್ರ ಲೈನಿನ ಮ್ಯಾಲ ಅಲ್ಲಲ್ಲಿ ಇರೋ ಜಿಒಎಸ್ (ಕೆಳಗಿನ ಹ್ಯಾಂಡಲಿನಿಂದ ಮೂರೂ ತಂತಿ ಒಮ್ಮೆಲೇ ಬಿಡಿಸೋ ಸ್ವಿಚ್) ತೆಗೆದು, ಒಂದೊಂದ ತುಂಡು ಬ್ಯಾರೆ ಮಾಡಿ ನೋಡ್ಕೋತ ಹೋಗ್ಬೇಕು. ಬೇವಿನ ಟೊಂಗಿ ಬಿದ್ದಿದ್ರ ಕಣ್ಣಿಗೆ ಕಾಣ್ತೈತಿ. ಪಿನ್ ಇನ್ಸುಲೇಟರಿನ ಕೂದಲೆಳಿಯಷ್ಟು ಸೀಳು ಕೆಳಗ ನಿಂತ್ರ ಕಾಣೂದಿಲ್ಲ. ಒಣಗಿದಾಗ ತಡಕೋತೈತಿ, ತೊಯ್ದಾಗ ಅಷ್ಟ ಹೊಡೀತೈತಿ. ಮಳಿ ಬಿದ್ದ ಎರಿಯಾಗ ಬೈಕ್ ಹೋಗಂಗಿಲ್ಲ ಅನ್ನೂದು ನಿಮಗ ಹೇಳೋದೇನ್ ಬ್ಯಾಡ.

ಆಮ್ಯಾಲ ಎಲ್‌ಸಿ. ಸ್ಟೇಷನ್ ಆಪರೇಟರ್ ಬ್ರೇಕರ್ (ಕರೆಂಟ್ ಕಡಿಯೋ ಸ್ವಿಚ್), ಐಸೊಲೇಟರ್ (ಲೈನ್ ಬಿಟ್ಟಿದ್ದು ಕಣ್ಣಿಗೆ ಕಾಣೋ ಸ್ವಿಚ್) ಎರಡೂ ತೆಗೆದು, ಲೈನ್ ಭೂಮಿಗೆ ಜೋಡಿಸಿ (ಅರ್ಥಿಂಗ್), ರಿಜಿಸ್ಟರಿನಾಗ ಹೆಸರು-ವೇಳೆ ಬರದು ನಂಬರ್ ಕೊಡ್ತಾನ. ಆ ಎಲ್‌ಸಿ ತಗೊಂಡವನ ಸ್ವತಃ ವಾಪಸ್ ಕೊಡ್ಬೇಕು. ಬ್ಯಾರೆ ಯಾರೋ ಫೋನ್ ಮಾಡಿ ‘ಕೆಲಸ ಮುಗೀತು’ ಅಂದ್ರ ಚಾರ್ಜ್ ಮಾಡಂಗಿಲ್ಲ. ಸ್ಥಳದಾಗ ಜಿಒಎಸ್ ತೆಗೆದು, ಮೂರೂ ಬ್ಲೇಡ್ ಬಿಟ್ಟಾವೋ ಇಲ್ಲೋ ತಲಿ ಎತ್ತಿ ನೋಡ್ಬೇಕು. ಹ್ಯಾಂಡಲ್ ಪೂರ್ತಿ ಇಳದಿದ್ರೂ ಒಂದು ಬ್ಲೇಡ್ ಸಿಕ್ಕೊಂಡು ನಿಂತಿರಬಹುದು. ಕರೆಂಟ್ ಇಲ್ಲಂತ ಟೆಸ್ಟ್ ಮಾಡಿ ಡಿಸ್ಚಾರ್ಜ್ ರಾಡ್ (ತಂತಿನ್ನ ಭೂಮಿಗೆ ಜೋಡಿಸೋ ಕೋಲು) ಹಾಕೂದು: ಮೊದಲ ಭೂಮಿ ಕಡೆ ಕ್ಲಾಂಪ್, ಆಮ್ಯಾಲ ತಂತಿಗೆ ಕೊಕ್ಕಿ, ಬಿಚ್ಚುವಾಗ ಉಲ್ಟಾ. ಇದು ಕೆಲಸದ ಜಾಗಾದ ಎರಡೂ ಕಡೆ.

ಬಂದ್ ಆದ ಲೈನಿಗೆ ಇಷ್ಟ್ಯಾಕ? ಯಾವುದೋ ಗಿರಣ್ಯಾಗ ಚೇಂಜ್‌ಓವರ್ ಸ್ವಿಚ್ (ಲೈನಿಗೂ ಜನರೇಟರಿಗೂ ಸಂಬಂಧ ಕಡಿಯೋದು) ಇಲ್ಲದ ಜನರೇಟರ್ ಚಾಲೂ ಮಾಡಿದ್ರ, ಆ 230 ವೋಲ್ಟ್ ಟಿಸಿಯೊಳಗ (ಟ್ರಾನ್ಸ್‌ಫಾರ್ಮರಿನೊಳಗ) ಉಲ್ಟಾ ಹೊಕ್ಕು ಮ್ಯಾಲಿನ ತಂತ್ಯಾಗ ಸಾವಿರಾರು ವೋಲ್ಟ್ ಆಗ್ತೈತಿ. ಇನ್ನ ಫೋನಿನ ಮಾತು: ಕಂಬದ ಮ್ಯಾಲ ಇದ್ದವ ಎತ್ತಲೂಬಾರದು.

ಗದಗ ವೈಂಡಿಂಗ್:
ಹೊಲದ ಟಿಸಿ ಕಥಿ ಬ್ಯಾರೆ ಅದ. 63 ಕೆವಿಎ ಟಿಸಿ ಫೇಸಿಗೆ ಸುಮಾರು 85 ಆಂಪ್ಸ್ ಕೊಡ್ತದ. 5 ಎಚ್‌ಪಿ ಪಂಪ್‌ಸೆಟ್ 7-8 ಆಂಪ್ಸ್ ಎಳೀತದ, ಅಂದ್ರ ಹತ್ತು-ಹನ್ನೊಂದು ಮೋಟರಿಗೆ ಅದರ ತಾಕತ್ತು ಮುಗೀತು. ತ್ರೀ ಫೇಸ್ ಬಂದ ಕೂಡಲೆ ಆಟೊ ಸ್ಟಾರ್ಟರ್ ಇದ್ದವೆಲ್ಲ ಒಮ್ಮೆಲೇ ಏಳ್ತಾವ, ಏಳೂವಾಗ ಒಂದೊಂದೂ ಐದಾರು ಪಟ್ಟು ಎಳೀಬಹುದು. ಫ್ಯೂಸ್ ಮತ್ತ ಹಾರ್ತದ, ಬೈಗುಳ ಲೈನ್‌ಮನ್‌ಗ. ಕೆಲವರು ತಾವ ಪೆಟಿಗಿ ತೆಗೆದು ದಪ್ಪ ತಂತಿ ಸುತ್ತತಾರ. ಫ್ಯೂಸ್ ಉಳೀತದ, ವೈಂಡಿಂಗ್ ಸುಡ್ತದ. ಸುಟ್ಟ ಟಿಸಿ ಬದಲಿಸಾಕ ನಿಯಮದಾಗ ಪಟ್ಟಣಕ್ಕ 24 ತಾಸು, ಹಳ್ಳಿಗೆ 72 ತಾಸು. ಅಷ್ಟೊತ್ತಿಗೆ ಮೆಣಸಿನ ಗಿಡ ಬಾಡಿರ್ತಾವ. ಆಟೊ ತೆಗೆದಿಡ್ರಿ, ಕರೆಂಟ್ ಬಂದ ಮ್ಯಾಲ ಎರಡು ನಿಮಿಷ ಬಿಟ್ಟು ಒಬ್ಬರಾದ ಮ್ಯಾಲ ಒಬ್ಬರು ಚಾಲೂ ಮಾಡ್ರಿ.

ಕುಂದಗೋಳ ಎರಿಹೊಲ:
ತಿಳೀತು. ರಬ್ಬರ್ ಗ್ಲೌಸ್ ಇದ್ರ ಬಂದ್ ಮಾಡದನ ಕೆಲಸ ಮಾಡಬಹುದಲ್ಲ?

ಫೀಡರ್ ಆರು:
ಮನಿ ಲೈನಿನ ಗ್ಲೌಸ್ 11 ಕೆವಿಗೆ ನಡೆಯಂಗಿಲ್ಲ. ಸೂಜಿ ಮೊನಿಯಷ್ಟು ತೂತಿದ್ರೂ ಗ್ಲೌಸ್ ಕೆಲಸಕ್ಕ ಬರಂಗಿಲ್ಲ. ಅದಕ್ಕ ಹಾಕ್ಕೊಳೂ ಮುಂಚೆ ಬಾಯಿ ಕಡಿಂದ ಸುರುಳಿ ಸುತ್ತಿ, ಗಾಳಿ ಬೆರಳಿಗೆ ಒತ್ತಿ, ಗಲ್ಲದ ಹತ್ರ ಹಿಡಿದು ಸೋರ್ತೈತೋ ನೋಡ್ಬೇಕು.

ಹಾವೇರಿ ಪ್ಯಾಟಿ:
ಒಂದು ಸೇರಿಸ್ತೀನಿ. ‘ತಂತಿ ಹರದು ಬಿದ್ದೈತಿ ಅಂದ್ರ ಸ್ಟೇಷನ್ನಾಗ ಟ್ರಿಪ್ ಆಗಿರ್ತೈತಿ’ ಅನ್ನೂದು ತಪ್ಪು. ಒಣ ನೆಲದ ಮ್ಯಾಲ ಬಿದ್ರ ಭೂಮಿಗೆ ಹೋಗೋ ಕರೆಂಟ್ ಕಡಿಮಿ, ಬ್ರೇಕರಿಗೆ ಗೊತ್ತಾಗದ ಹೋಗಬಹುದು. ದನ-ಮಂದಿ ದೂರ ಸರಿಸಿ 1912ಕ್ಕ ಫೋನ್ ಮಾಡ್ರಿ, ಹತ್ತಿರದ ಟಿಸಿ ಮ್ಯಾಲೆ ಬರದ ನಂಬರ್ ಹೇಳ್ರಿ. ‘ನಮ್ಮ ಹೊಲದ ಹತ್ರ’ ಅಂದ್ರ ಲೈನ್‌ಮನ್‌ಗ ಏನ್ ತಿಳೀಬೇಕು!