ಅಪರಾಧಶಾಸ್ತ್ರಜ್ಞರ ಕೆಲಸ ನಿಜಕ್ಕೂ ಹೇಗಿರುತ್ತೆ?

ಹೊಸಚಿಗುರು:
ಸಮಾಜಶಾಸ್ತ್ರದ ಪದವಿ ಮುಗಿಯುತ್ತಾ ಬಂತು. ಮುಂದೆ ಅಪರಾಧಶಾಸ್ತ್ರ ಓದುವ ಆಸೆ. ಕೊಲೆಗಾರರ ಮನಸ್ಸು ಓದೋದೇ ಈ ಕೆಲಸವಾ? ಗಣಿತದಲ್ಲಿ ನಾನು ಅಷ್ಟಕ್ಕಷ್ಟೆ, ಅದೊಂದು ಭಯ.

ಸಾಲುದೀಪ:
ನಾನು ಮನೆಗಳ್ಳತನದ ದಾಖಲೆಗಳ ಮೇಲೆ ಕೆಲಸ ಮಾಡ್ತೀನಿ. ಆರೋಪಿಯ ಎದುರು ಕೂತು ಮನಸ್ಸು ತಿಳಿಯುವವರು ಹೆಚ್ಚಾಗಿ ಮನಶ್ಶಾಸ್ತ್ರಜ್ಞರು. ನನ್ನ ಮುಂದಿರೋದು ಸಣ್ಣಪುಟ್ಟ ಘಟನೆಗಳ ಉದ್ದನೆಯ ಪಟ್ಟಿ: ಯಾವ ಬೀದಿ, ಎಷ್ಟು ಹೊತ್ತಿಗೆ, ಬಾಗಿಲು ಮುರಿದರೋ ಕಿಟಕಿಯೋ. ಒಂದು ಮನೆಗೆ ಕಳ್ಳ ನುಗ್ಗಿದರೆ ಮುಂದಿನ ಕೆಲವು ವಾರ ಆ ಮನೆಗೂ ಅಕ್ಕಪಕ್ಕದ ಮನೆಗಳಿಗೂ ಅಪಾಯ ಹೆಚ್ಚು. ಹಲವು ದೇಶಗಳಲ್ಲಿ ಇದು ಕಂಡಿದೆ. ಎಷ್ಟೋ ಸಲ ಬರುವವನು ಅದೇ ಕಳ್ಳ, ದಾರಿ ಅವನಿಗೆ ಗೊತ್ತು. ಹಾಗಾಗಿ ಮರುದಿನವೇ ನೆರೆಯವರನ್ನು ಎಚ್ಚರಿಸಿದರೆ ಉಪಯೋಗವಿದೆ. ನನಗೆ ಈ ಕೆಲಸ ಇಷ್ಟವಾಗೋದು ಇದಕ್ಕೇ.

ಗಣಿತಕ್ಕೆ ಹೆದರಬೇಡಿ. ಸಂಖ್ಯಾಶಾಸ್ತ್ರ ಮಾತ್ರ ಕಲಿಯಲೇಬೇಕು. ಯಾಕೆ ಅಂತ ಹೇಳ್ತೀನಿ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ, ಹುಟ್ಟು ಅಪರಾಧಿಯನ್ನು ತಲೆಬುರುಡೆ, ಮುಖಲಕ್ಷಣ ನೋಡಿ ಗುರುತಿಸಬಹುದು ಅಂತ ವಾದಿಸಿದ. ಇಂಗ್ಲೆಂಡಿನ ಜೈಲು ವೈದ್ಯ ಗೋರಿಂಗ್ ಕೈದಿಗಳನ್ನೂ ಕೈದಿಗಳಲ್ಲದವರನ್ನೂ ಅಳೆದು ಹೋಲಿಸಿ, ಅಂಥ ಪ್ರತ್ಯೇಕ ದೇಹಲಕ್ಷಣ ಇಲ್ಲ ಅಂತ ತೋರಿಸಿದ್ದು 1913ರಲ್ಲಿ. ಸರಿಯಾಗಿ ಹೋಲಿಸದೆ ಹೇಳಿದ ಮಾತು ಅಷ್ಟು ಕಾಲ ಬಾಳಿತು.

ಇನ್ನೊಂದು ಮಾತು. 1945ರಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ ಸುಮಾರು 10,000 ಹುಡುಗರ ದಾಖಲೆಗಳನ್ನು ಅಪರಾಧಶಾಸ್ತ್ರಜ್ಞ ವೋಲ್ಫ್‌ಗ್ಯಾಂಗ್ ಮತ್ತು ಜೊತೆಗಾರರು ಪರಿಶೀಲಿಸಿದರು. ಶೇ. 6ರಷ್ಟು ಹುಡುಗರ ಹೆಸರಲ್ಲೇ ಅರ್ಧಕ್ಕಿಂತ ಹೆಚ್ಚು ಅಪರಾಧಗಳಿದ್ದವು. ಇದನ್ನೋದಿ ಆ ಶೇ. 6ನ್ನು ಮೊದಲೇ ಹಿಡಿದುಬಿಡೋಣ ಅಂತ ಹೊರಡುವವರಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅದು ಎಲ್ಲಾ ಮುಗಿದ ಮೇಲೆ ಹಿಂತಿರುಗಿ ನೋಡಿ ಮಾಡಿದ ಲೆಕ್ಕ, ಅದೂ ಪೊಲೀಸರ ಕಣ್ಣಿಗೆ ಬಿದ್ದದ್ದರದ್ದು. ಹತ್ತು ವರ್ಷದ ಮಗುವಿನ ಹಣೆಗೆ ಅದನ್ನು ಅಂಟಿಸೋಕಾಗಲ್ಲ.

ತೆರೆದಬಾಗಿಲು:
ನಾನು ಜೈಲಿನಲ್ಲಿ ಸಂದರ್ಶನ ಮಾಡುವವಳು. ಸಾಲುದೀಪ ಅವರ ಮಾತಿಗೆ ಒಂದು ಸೇರಿಸ್ತೀನಿ: ಯಾಕೆ ಶುರು ಮಾಡಿದಿರಿ ಅಂತ ಎಲ್ಲರೂ ಕೇಳ್ತಾರೆ, ಹೇಗೆ ಬಿಟ್ಟಿರಿ ಅಂತಲೂ ಕೇಳಿ. ಸ್ಯಾಂಪ್ಸನ್, ಲಾಬ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಬಾಸ್ಟನ್ನಿನ ಹಳೆಯ ಬಾಲಾಪರಾಧಿಗಳನ್ನು ಮುದಿತನದವರೆಗೆ ಹಿಂಬಾಲಿಸಿದಾಗ, ಸ್ಥಿರವಾದ ಕೆಲಸ, ಒಳ್ಳೆಯ ದಾಂಪತ್ಯ ಅನೇಕರನ್ನು ಆ ದಾರಿಯಿಂದ ತಿರುಗಿಸಿದ್ದು ಕಂಡಿತು.

ಹೊಸಚಿಗುರು:
ಇಬ್ಬರಿಗೂ ಧನ್ಯವಾದ. ಆದರೆ ದೂರೇ ಕೊಡದ ಅಪರಾಧಗಳು?

ಸಾಲುದೀಪ:
ಅದಕ್ಕೇ ಸಂತ್ರಸ್ತರ ಸಮೀಕ್ಷೆ ಇರೋದು. ಮನೆಗಳನ್ನು ಸಂಪರ್ಕಿಸಿ, ನಿಮಗೇನಾಯ್ತು, ಪೊಲೀಸರಿಗೆ ಹೇಳಿದಿರಾ ಅಂತ ಜನರನ್ನೇ ಕೇಳ್ತಾರೆ. ಅರ್ಜಿ ಹಾಕುವ ಮೊದಲು ಅಂಥದೊಂದು ಸಮೀಕ್ಷೆಯ ಪ್ರಶ್ನಾವಳಿ ಓದಿ ನೋಡಿ. ಬೇಸರ ಬರದಿದ್ದರೆ ಧೈರ್ಯವಾಗಿ ಬನ್ನಿ.